ಅರವತ್ತಕ್ಕೆ ಲಂಕಾವಿ

ಅರವತ್ತು ತುಂಬಿದವನು ಕಾವಿಯ ಕಡೆಗೆ ಮುಖ ಮಾಡಬೇಕು ಅಂತ ನಮ್ಮಜ್ಜ ಹೇಳುತ್ತಿದ್ದರು. ನಮ್ಮ ಮಗಳಿಗೆ ಅದು ಹೇಗೆ ಕೇಳಿಸಿತೋ ಏನೋ, ಲಂಕಾವಿಗೆ ಟಿಕೆಟ್ ಮಾಡಿಸಿಬಿಟ್ಟಳು.

ಷಷ್ಟ್ಯಬ್ದಿ ಶಾಂತಿಗೆ ಪುರೋಹಿತರನ್ನು ಕೇಳಿ ಆಗಿತ್ತು. ಅಡುಗೆಯವರಿಗೆ ಮುಂಗಡ ಕೊಡುವುದೊಂದು ಬಾಕಿ. ಅಷ್ಟರಲ್ಲಿ ಪೆನಾಂಗಿನಿಂದ ಫೋನು. ಮಗಳು ಅಳಿಯ ಇಬ್ಬರೂ ಅಲ್ಲಿ ಎಂಜಿನಿಯರುಗಳು. "ಅಪ್ಪಾ, ಇನ್ನೂರು ಜನಕ್ಕೆ ಊಟ ಹಾಕಿ, ಆಮೇಲೆ ಸಾರು ಉಪ್ಪಾಗಿತ್ತು ಅಂತ ಅನ್ನಿಸಿಕೊಳ್ಳೋ ಬದಲು ಇಲ್ಲಿಗೆ ಬನ್ನಿ. ಒಳ್ಳೇ ರೆಸಾರ್ಟು. ನಾಲ್ಕು ರಾತ್ರಿ, ಐದು ಹಗಲು. ನೀವಿಬ್ಬರೂ ಏನೂ ಮಾಡಬೇಡಿ. ಸುಮ್ಮನೆ ಇರಿ."

ವಿಮೆ ಕಂಪನಿಯೊಂದರಲ್ಲಿ ಮೂವತ್ತಾರು ವರ್ಷ ಲೆಕ್ಕಪತ್ರ ನೋಡಿದವನು ನಾನು. ಯಾರಾದರೂ 'ಸುಮ್ಮನೆ ಇರಿ' ಅಂದರೆ ಯಾವ ವೋಚರು ಕಾಣೆಯಾಗಿದೆ ಅಂತಲೇ ಮೊದಲು ಯೋಚನೆ ಬರುವುದು.

ಪಕ್ಕದ ಮನೆಯವರಿಗೆ ಸುದ್ದಿ ತಲುಪುವಾಗ ಹೆಸರು ಅರ್ಧ ಸವೆದಿತ್ತು. "ಲಂಕೆಗೆ ಹೋಗ್ತಿದ್ದೀರಂತೆ, ಅಶೋಕವನ ನೋಡ್ಕೊಂಡು ಬನ್ನಿ" ಅಂದರು. ಅದು ಆ ಲಂಕೆಯಲ್ಲ, ಮಲೇಷ್ಯಾದ ವಾಯವ್ಯ ಮೂಲೆಯಲ್ಲಿ, ಥಾಯ್ಲೆಂಡಿನ ಸೆರಗಿನಲ್ಲಿ, ಕೆಡಾ ರಾಜ್ಯಕ್ಕೆ ಸೇರಿದ ದ್ವೀಪಗಳ ಗುಂಪು ಅಂತ ವಿವರಿಸಿದೆ. ಎಷ್ಟು ದ್ವೀಪ ಅಂದರು. 99 ಅಂದೆ. ಬಾಟಾ ಚಪ್ಪಲಿಯ ಬೆಲೆಯ ಹಾಗಿದೆಯಲ್ಲ ಅಂದರು. ಸಮುದ್ರದ ಇಳಿತದಲ್ಲಿ 104 ಆಗುತ್ತವೆ ಅಂತ ಅಲ್ಲಿಯವರು ಹೇಳುತ್ತಾರೆ. ಉಬ್ಬರ ಬಂದರೆ ಐದು ಮುಳುಗುತ್ತವೆ. ದಿನಕ್ಕೆ ಎರಡು ಸಲ ಐದು ಐಟಂ ಅತ್ತಿತ್ತ ಆಗುವ ಸ್ಟಾಕ್ ರಿಜಿಸ್ಟರನ್ನು ನಮ್ಮ ಆಡಿಟರು ಕಂಡಿದ್ದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದರು.

ರೆಸಾರ್ಟಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮುಂದಿನ ಸಾಲು ಓದುವುದು ಬಿಟ್ಟು ಮೊಬೈಲಿನಲ್ಲಿ ಬೆಲೆ ಹುಡುಕುತ್ತೀರಿ. ಮಗಳು ಬೆಲೆ ಮುಚ್ಚಿಟ್ಟಿದ್ದಳು. ನಾನೂ ಅದೇ ಕೆಲಸ ಮಾಡಿಯೇ ಪತ್ತೆ ಮಾಡಿದೆ. ಪತ್ತೆಯಾದ ಮೇಲೆ ಸ್ವಲ್ಪ ಹೊತ್ತು ಮಜ್ಜಿಗೆ ಕುಡಿದು ಕೂತೆ. ಆಮೇಲೆ ಒಂದು ಹಾಳೆ ತೆಗೆದುಕೊಂಡೆ. ಮೊದಲ ದಿನ ಮಧ್ಯಾಹ್ನ 3ಕ್ಕೆ ಕೋಣೆ ಸಿಗುತ್ತದೆ, ಐದನೆಯ ದಿನ 12ಕ್ಕೆ ಬಿಡಬೇಕು. ಐದು ಹಗಲು ಅನ್ನುವುದು ಬರೀ ಮಾತು, ಒಟ್ಟು 93 ಗಂಟೆ. ಭಾಗಿಸಿದರೆ ಹೆಚ್ಚುಕಡಿಮೆ ಗಂಟೆಗೆ ಸಾವಿರ ರೂಪಾಯಿ. "ಅಂದರೆ ಎಂಟು ಗಂಟೆ ನಿದ್ದೆಗೆ ಎಂಟು ಸಾವಿರ ಕಣೇ" ಅಂದೆ. "ನೀವು ಗೊರಕೆ ಹೊಡೆದರೆ ನನ್ನ ಪಾಲಿನ ನಾಲ್ಕು ಸಾವಿರ ವಾಪಸ್ ಕೊಡಿ" ಅಂದಳು ನನ್ನಾಕೆ.

2023ರ ಡಿಸೆಂಬರಿನಿಂದ ನಮ್ಮವರಿಗೆ ಮಲೇಷ್ಯಾ ವೀಸಾ ಕೇಳುತ್ತಿಲ್ಲ. ಹಾಗಾಗಿ ದಾರಿಯಲ್ಲಿ ಗೋಳಾಡಲು ಏನೂ ಸಿಗಲಿಲ್ಲ, ನೇರ ರೆಸಾರ್ಟಿಗೆ ಹೋಗೋಣ.

ಬಾಗಿಲಲ್ಲಿ ಹುಡುಗಿಯೊಬ್ಬಳು ಬಲಗೈಯನ್ನು ಎದೆಗೆ ತಾಗಿಸಿ ಬಾಗಿದಳು. ಅದು ಅಲ್ಲಿಯ ಮರ್ಯಾದೆ. ನಾನೂ ಎದೆ ಮುಟ್ಟಿಕೊಂಡೆ, ಆದರೆ ನನ್ನ ಕೈ ಹೋದದ್ದು ಅಂಗಿಯ ಜೇಬಿನ ಮೇಲೆ. ಹಸಿರು ಬಣ್ಣದ ತಣ್ಣನೆಯ ಪಾನಕ ಕೊಟ್ಟರು. ಪಾಂಡನ್ ಎಲೆಯದಂತೆ, ನಮ್ಮ ಕೇದಿಗೆಯ ದಾಯಾದಿ. ಇವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು "ಬಾಸುಮತಿ ಅನ್ನದ ವಾಸನೆ ರೀ" ಅಂದಳು. ಪಾನಕ ಮುಗಿಯುತ್ತಿದ್ದ ಹಾಗೆ ಕೌಂಟರಿನವನು ನಯವಾಗಿ ಪ್ರವಾಸೋದ್ಯಮ ತೆರಿಗೆ ಅಂದ. ವಿದೇಶಿಯರಿಗೆ ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್. ನಾಲ್ಕು ರಾತ್ರಿಗೆ 40. ರಿಂಗಿಟ್ಟಿಗೆ ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಎಂಟುನೂರು. ತೊಂಬತ್ತು ಸಾವಿರ ಬೇರೆಯವರು ಕೊಟ್ಟಿದ್ದರು, ನನಗೆ ನೋವಾಗಲಿಲ್ಲ. ಈ ಎಂಟುನೂರು ನನ್ನ ಕೈಯಿಂದ ಹೋಗಬೇಕು. ರಸೀದಿ, ಯಾವ ಸೆಕ್ಷನ್ನು, ಹಿರಿಯ ನಾಗರಿಕರಿಗೆ ವಿನಾಯಿತಿ ಉಂಟೋ ಅಂತೆಲ್ಲ ಕೇಳಿ ಅವನ ಹತ್ತು ನಿಮಿಷ ತೆಗೆದುಕೊಂಡೆ. ಆ ಹತ್ತು ನಿಮಿಷಕ್ಕೆ ನಮ್ಮ ಲೆಕ್ಕದಲ್ಲಿ ನೂರರವತ್ತಾರು ರೂಪಾಯಿ ಹೋಯಿತು ಅಂತ ಇವಳು ಕಿವಿಯಲ್ಲಿ ಹೇಳಿದ ಮೇಲೆ ಸಹಿ ಹಾಕಿದೆ.

ಕೋಣೆ ಅಂದರೆ ಕಾಡಿನ ನಡುವೆ ಒಂದು ಒಂಟಿ ಮನೆ. ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದು ಬಿಟ್ಟರು. ಬಾಗಿಲು ತೆಗೆದರೆ ಮಂಚದ ಮೇಲೆ ಟವೆಲ್ಲಿನಲ್ಲಿ ಮಡಿಸಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿವೆ, ಸುತ್ತ ಕೆಂಪು ಗುಲಾಬಿ ಎಸಳಿನಲ್ಲಿ ಹೃದಯದ ಚಿತ್ರ, ಪಕ್ಕದಲ್ಲಿ ಮಧುಚಂದ್ರದ ಶುಭಾಶಯ ಬರೆದ ಕಾರ್ಡು. ಮಗಳು 'ವಿಶೇಷ ಸಂದರ್ಭ' ಅಂತ ನಮೂದಿಸಿದ್ದಳಂತೆ. ಯಾವ ಸಂದರ್ಭ ಅಂತ ಅವರೇ ತೀರ್ಮಾನಿಸಿದ್ದಾರೆ. ಇವಳು ಸೆರಗು ಸಿಕ್ಕಿಸಿ, ಎಸಳುಗಳನ್ನೆಲ್ಲ ಬಾಚಿ ತಟ್ಟೆಗೆ ಹಾಕಿ, ಬ್ಯಾಗಿನಲ್ಲಿ ತಂದಿದ್ದ ಗಣಪತಿಯ ಮುಂದಿಟ್ಟಳು. ಹಂಸಗಳನ್ನು ನಾನು ಬಿಚ್ಚಿದೆ, ಸ್ನಾನಕ್ಕೆ ಬೇಕಿತ್ತು.

ಆ ರಾತ್ರಿಯೇ ಅವನ ಪರಿಚಯವಾದದ್ದು. ದೀಪ ಆರಿಸಿ ಮಲಗಿದ್ದೇವೆ. ಸೂರಿನ ಸಂದಿಯಿಂದ ಮೊದಲು ಗಂಟಲು ಸರಿ ಮಾಡಿಕೊಂಡ ಹಾಗೆ ಕರಕರ ಸದ್ದು, ಆಮೇಲೆ ಸ್ಪಷ್ಟವಾಗಿ, ಗಡಸಾಗಿ: "ಟೊಕ್ಕೇ! ಟೊಕ್ಕೇ!" ಯಾರೋ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾರೆ ಅಂದುಕೊಂಡು ದೀಪ ಹಾಕಿದೆ. ಒಂದು ಅಡಿ ಉದ್ದದ ಹಲ್ಲಿ. ಬೂದುನೀಲಿ ಮೈ, ಅದರ ಮೇಲೆ ಕಿತ್ತಳೆ ಚುಕ್ಕಿ, ಚಿನ್ನದ ಬಣ್ಣದ ಕಣ್ಣು. ಟೋಕೆ ಅನ್ನುತ್ತಾರೆ, ಕೂಗೇ ಅದರ ಹೆಸರು. ಇವಳಿಗೆ ಭಯವಾಗಲಿಲ್ಲ. ಹಲ್ಲಿ ಅಂದ ಮೇಲೆ ಹಲ್ಲಿಯೇ, ಗಾತ್ರ ಎಷ್ಟಿದ್ದರೇನು? ಬೆರಳಿನಿಂದ ಮಂಚದ ಪಟ್ಟಿಯನ್ನು ಟಕಟಕ ಬಡಿದು "ಕೃಷ್ಣ ಕೃಷ್ಣ" ಅಂದಳು. ಆ ಹೊತ್ತಿಗೆ ನಾನು ಏನು ಹೇಳಿದ್ದೆ ಅಂತ ನೆನಪು ಮಾಡಿಕೊಳ್ಳಲು ನೋಡಿದಳು. ನಮ್ಮೂರ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಅನ್ನುತ್ತೇವಲ್ಲ, ಇಷ್ಟು ದೊಡ್ಡದು ಲೊಚಗುಟ್ಟಿದರೆ ಎಷ್ಟು ನಿಜವಾಗಬೇಡ! ಸದ್ಯ, ನಾನು ಗ್ಯಾಸ್ ಏಜೆನ್ಸಿಯವನ ಬಗ್ಗೆ ಮಾತಾಡುತ್ತಿದ್ದೆ.

ಬೆಳಗ್ಗೆ ಎದ್ದರೆ ಏಳು ಗಂಟೆಗೂ ಕತ್ತಲು. ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅದು ಸೂರ್ಯ ಮಾಡಿದ ವ್ಯವಸ್ಥೆಯಲ್ಲ. ಆಚೆ ಬೋರ್ನಿಯೊದಲ್ಲಿರುವ ಸಬಾ, ಸರಾವಾಕ್‌ಗಳ ಜೊತೆ ಒಂದೇ ಗಡಿಯಾರ ಇರಲಿ ಅಂತ 1982ರ ಜನವರಿ 1ರಂದು ಈಚೆಯ ಮಲೇಷ್ಯಾದವರು ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟರು. ಲಂಕಾವಿ ಇರುವುದು ದೇಶದ ಪಶ್ಚಿಮದ ಕೊನೆಯಲ್ಲಿ. ಗಡಿಯಾರ ಎದ್ದು ಹಲ್ಲುಜ್ಜಿ ಕೂತ ಮೇಲೆ ಸೂರ್ಯ ಏಳುತ್ತಾನೆ. ಇದರಿಂದಾದ ತೊಂದರೆ ನಮ್ಮ ಹೊಟ್ಟೆಗೆ. ತಿಂಡಿ ಹತ್ತೂವರೆಗೆ ಮುಗಿಯುತ್ತದೆ ಅಂದರು. ಅಂದರೆ ಮೈಸೂರಿನ ಎಂಟು ಗಂಟೆ. ಕಾಫಿಯ ಮೇಲಿನ ಪೇಪರು ಮುಗಿಯದ ಹೊತ್ತಿನಲ್ಲಿ ಗಂಟೆಗೆ ಸಾವಿರದ ತಿಂಡಿ ತಿನ್ನಬೇಕು!

ತಿಂದೆವು. ಬಫೆಯಲ್ಲಿ ಒಂದು ಮೂಲೆ ಚೀನಾದ್ದು, ಒಂದು ಇಂಗ್ಲಿಷರದ್ದು, ಒಂದು ಮಲಯರದ್ದು. ಅಲ್ಲಿ ನಾಸಿ ಲೆಮಾ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ಅನ್ನ ನಮ್ಮದೇ, ಕಡಲೆಬೀಜ ನಮ್ಮದೇ, ಸೌತೆಕಾಯಿ ನಮ್ಮದೇ. ಕೆಂಪಗೆ ಕಣ್ಣು ಮಿಟುಕಿಸುವ ಸಾಂಬಾಲ್ ಚಟ್ನಿಯಲ್ಲಿ ಮಾತ್ರ ಸಿಗಡಿ. ಪಕ್ಕದಲ್ಲೇ ನೆತ್ತಲಿ ಮೀನು ಹುರಿದು ಇಟ್ಟಿದ್ದರು. ಸಸ್ಯಾಹಾರಿ ಅಂತ ಹೇಳಿದ್ದಕ್ಕೆ ಅಡುಗೆಯವನು ಒಳಗೆ ಹೋಗಿ ಬರೀ ಮೆಣಸಿನಕಾಯಿಯ ಸಾಂಬಾಲ್ ಮಾಡಿ ತಂದ. ಅದನ್ನು ಹಚ್ಚಿಕೊಂಡು ಇವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನಾನು ರೋಟಿ ಚನಾಯ್ ತಟ್ಟುವವನ ಮುಂದೆ ನಿಂತೆ. ಹಿಟ್ಟಿನ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ ಧೋತರದಷ್ಟು ತೆಳ್ಳಗೆ ಮಾಡಿ, ಮಡಿಸಿ, ಕಾವಲಿಗೆ ಹಾಕುತ್ತಾನೆ. ನಮ್ಮ ಪರೋಟವೇ, ಹಡಗು ಹತ್ತಿ ಹೋಗಿ ಹೆಸರು ಬದಲಿಸಿಕೊಂಡಿದೆ.

ಅವನ ಪಕ್ಕದಲ್ಲಿ ಕಾವಲಿಯ ಮೇಲೆ ಪರಿಚಿತ ಮುಖ ಕಂಡಿತು. "ಒಂದು ದೋಸಾ" ಅಂದೆ. ಅವನು ನಕ್ಕ. ಪಕ್ಕದವನಿಗೂ ಹೇಳಿ ನಗಿಸಿದ. ಏನಪ್ಪಾ ಅಂತ ಕೇಳಿದರೆ, ಮಲಯ ಭಾಷೆಯಲ್ಲಿ 'ದೋಸಾ' ಅಂದರೆ ಪಾಪ! ನಮ್ಮ ಸಂಸ್ಕೃತದ ದೋಷವೇ ಅಲ್ಲಿ ಹೋಗಿ ಪಾಪವಾಗಿ ಕೂತಿದೆ. ತಿನ್ನುವುದನ್ನು ಅವರು ತಮಿಳರ ಹಾಗೆ ತೋಸೈ ಅನ್ನುತ್ತಾರೆ. "ಎಷ್ಟು ಮಾಡಿದಿರಿ?" ಅಂತ ಇವಳು ಕೇಳಿದಾಗ ಮೂರು ಅಂದೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಈಜುಕೊಳದ ಪಕ್ಕ ಒರಗು ಕುರ್ಚಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದರೆ ನಾನು ಫಲಕ ಓದುತ್ತಾ ತಿರುಗಿದೆ. ಜಾರುವ ಬಂಡೆಯ ಹತ್ತಿರ 'ಬಹಾಯ' ಅಂತ ಬರೆದಿದ್ದರು, ಅಪಾಯ ಅಂತ ಅರ್ಥ: ನಮ್ಮ ಭಯ. ಕಸ ಹಾಕಿದರೆ 'ದೆಂದ': ದಂಡ. ಉಪವಾಸಕ್ಕೆ 'ಪುವಾಸ', ತಲೆಗೆ 'ಕಪಾಲ'. ಹೆಂಡತಿಗೆ 'ಇಸ್ತೆರಿ', ಅದು ಸ್ತ್ರೀ. ಗಂಡನಿಗೆ 'ಸುವಾಮಿ', ಅಂದರೆ ಸ್ವಾಮಿ. ಈ ಒಂದು ಶಬ್ದಕ್ಕಾಗಿ ಮಲಯ ಜನರ ಮೇಲೆ ನನಗೆ ಬಹಳ ಗೌರವ ಬಂತು. ಬೆಲೆಗೆ ಅವರ ಪದ 'ಹರ್ಗಾ': ಅರ್ಘ. ದುಬಾರಿ ವಸ್ತುವನ್ನು ನಾವೂ ಮಹಾರ್ಘ ಅನ್ನುತ್ತಿದ್ದೆವಲ್ಲ, ಅದೇ. ಈ ಕೆಡಾ ಅಂದರೆ ಹಳೆಯ ಕಡಾರ. ರಾಜೇಂದ್ರ ಚೋಳ ನಮ್ಮ ಕಲ್ಯಾಣದ ಚಾಲುಕ್ಯರ ಜೊತೆ ಜಗಳಾಡಿ ಬೇಜಾರಾದಾಗ, 1025ರ ಸುಮಾರಿಗೆ ಹಡಗು ಕಟ್ಟಿಕೊಂಡು ಈ ಕಡೆ ದಾಳಿಗೆ ಬಂದಿದ್ದ. ಕಡಾರಂಗೊಂಡ ಅಂತ ಬಿರುದು ಇಟ್ಟುಕೊಂಡ. ಆದರೆ ಈ ಮಾತುಗಳೆಲ್ಲ ಅವನು ಕತ್ತಿ ತೋರಿಸಿ ಕಲಿಸಿದ್ದಲ್ಲ. ಅವನಿಗಿಂತ ಎಷ್ಟೋ ಮೊದಲೇ ವ್ಯಾಪಾರಿಗಳ ಜೊತೆ, ಮೆಣಸು ಬಟ್ಟೆಗಳ ನಡುವೆ ಕೂತು ದಾಟಿದವು.

"ಬಂದದ್ದು ಸುಮ್ಮನಿರೋಕೆ, ನೀವು ಇಲ್ಲೂ ಫೈಲು ತೆರೆದಿರಾ?" ಅಂದಳು ಇವಳು, ಕಾಲು ನೀರಿಗೆ ಇಳಿಬಿಟ್ಟು. ಕೊಳಕ್ಕೆ ಇಳಿಯಬೇಕಾದರೆ ಈಜುಡುಗೆಯೇ ಬೇಕು ಅಂತ ಬೋರ್ಡಿತ್ತು. ಇವಳು ಸೀರೆಯನ್ನು ಗೇಣು ಎತ್ತಿ ಹಿಡಿದು, ಶ್ರೀರಂಗಪಟ್ಟಣದ ಸಂಗಮದಲ್ಲಿ ಕೂರುವ ಹಾಗೆ ಅಂಚಿನಲ್ಲಿ ಕೂತಿದ್ದಳು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಬಿಳಿಯ ಹೆಂಗಸು ಬಂದು ಪಕ್ಕದಲ್ಲಿ ಹಾಗೇ ಕೂತಳು. ಇಬ್ಬರಿಗೂ ಭಾಷೆ ಬಾರದು. ಅರ್ಧ ಗಂಟೆ ಮಾತಾಡಿದರು. ಅಳಿಯಂದಿರ ವಿಷಯ ಇರಬೇಕು.

ಈಗ ಕೋಡುಬಳೆಯ ಪ್ರಕರಣ. ಕೋಣೆಯಲ್ಲಿ ಕಾರ್ಡಿಟ್ಟಿದ್ದರು: ಬಾಲ್ಕನಿಯ ಸರಿಯುವ ಬಾಗಿಲಿಗೆ ಮೇಲಿನ ಚಿಲಕ ಕಡ್ಡಾಯವಾಗಿ ಹಾಕಿ, ಕೋತಿಗಳಿವೆ. ಚಾಮುಂಡಿ ಬೆಟ್ಟದ ಕೋತಿಗಳ ಜೊತೆ ಬೆಳೆದವರಿಗೆ ಇದೇನು ಉಪದೇಶ ಅಂತ ನಾನು ಕೆಳಗಿನ ಕೊಂಡಿ ಮಾತ್ರ ಹಾಕಿದ್ದೆ. ಮೂರನೆಯ ದಿನ ಸಂಜೆ ನಾಲ್ಕು. ಇವಳು ಮೈಸೂರಿಂದ ಬಾಟಲಿಯಲ್ಲಿ ತಂದಿದ್ದ ಡಿಕಾಕ್ಷನ್ನಿಗೆ ಹಾಲು ಬೆರೆಸುತ್ತಿದ್ದಾಳೆ. ಬಾಗಿಲು ಮೆಲ್ಲಗೆ, ಮನುಷ್ಯರು ಸರಿಸುವಷ್ಟೇ ಸಲೀಸಾಗಿ ಪಕ್ಕಕ್ಕೆ ಸರಿಯಿತು. ಉದ್ದ ಬಾಲದ ಹೆಣ್ಣು ಕೋತಿ, ಹೊಟ್ಟೆಗೆ ಅಂಟಿಕೊಂಡ ಮರಿ. ಒಳಗೆ ಬಂದು ಕೋಣೆಯನ್ನೆಲ್ಲ ಒಮ್ಮೆ ನೋಡಿತು. ಮಿನಿ ಬಾರಿನ ಮೇಲೆ ಗೋಡಂಬಿಯ ಪೊಟ್ಟಣವಿತ್ತು, 35 ರಿಂಗಿಟ್. ನಾವಿಬ್ಬರೂ ಎರಡು ದಿನದಿಂದ ಅದರ ಹತ್ತಿರ ಉಸಿರಾಡಲೂ ಹೆದರಿದ್ದೆವು. ಕೋತಿ ಅದನ್ನು ದಾಟಿತು. ಅದಕ್ಕೂ ಬೆಲೆಪಟ್ಟಿ ಗೊತ್ತಿದ್ದಿರಬೇಕು. ನೇರ ಹೋಗಿ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿ ಎತ್ತಿಕೊಂಡು ಕಟಕಟೆಯ ಮೇಲೆ ಹೋಗಿ ಕೂತಿತು.

ಡಬ್ಬಿಯ ಮುಚ್ಚಳ ಬಿಗಿ. ನನಗೇ ತೆಗೆಯಲು ಬಾರದು. ಅದು ಎರಡು ಸಲ ಕಂಬಿಗೆ ಕುಟ್ಟಿತು, ಮುಚ್ಚಳ ಕಾಡಿಗೆ ಹಾರಿತು. ಒಂದು ಕೋಡುಬಳೆ ಹೊರತೆಗೆದು, ಬೆಳಕಿಗೆ ಹಿಡಿದು, ತೂತಿನಿಂದ ನಮ್ಮನ್ನೇ ನೋಡಿತು. ಕೈಗೆ ತೊಟ್ಟುಕೊಳ್ಳುತ್ತದೇನೋ ಅಂದುಕೊಂಡೆ. ಕಚ್ಚಿತು. ಬ್ಯಾಡಗಿಯ ಖಾರ ಏರಿರಬೇಕು, ತಲೆ ಕೊಡವಿತು, ನಾಲಿಗೆಯನ್ನು ಕಂಬಿಗೆ ಒರೆಸಿತು. ಮರಿ ಕೈಚಾಚಿದರೆ ಅದರ ಕೈಗೆ ಪಟ್ಟನೆ ಒಂದು ಏಟು. ಆಮೇಲೆ ಇನ್ನೊಂದು ತೆಗೆಯಿತು. ಮತ್ತೊಂದು. ನನ್ನಾಕೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೋಪದಲ್ಲಿದ್ದಾಳೆ ಅಂದುಕೊಂಡರೆ, "ಖಾರ ಒಂಚೂರು ಹೆಚ್ಚಾಗಿದೆ. ಆದ್ರೂ ಬಿಡ್ತಿಲ್ಲ ನೋಡ್ರೀ" ಅಂದಳು. ನಮ್ಮ ಮದುವೆಯಾದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎರಡು ಮೂರು ಸಲ ಮಾತ್ರ ಕಂಡಿದ್ದೇನೆ.

ಕೋಣೆ ಸ್ವಚ್ಛ ಮಾಡುವ ಹುಡುಗ ಕೋಲು ಹಿಡಿದು ಓಡಿ ಬಂದ. ಖಾಲಿ ಡಬ್ಬಿ ಮಾತ್ರ ಸಿಕ್ಕಿತು. ನಿಯಮದ ಪ್ರಕಾರ ಒಂದು ಫಾರಂ ತುಂಬಬೇಕಂತೆ, ಕಳೆದುಹೋದ ವಸ್ತು ಯಾವುದು, ಎಷ್ಟು. ಫಾರಂ ಕಂಡರೆ ನನಗೆ ಹಬ್ಬ. ಕೋಡುಬಳೆಗೆ ಇಂಗ್ಲಿಷಿನಲ್ಲಿ ಏನೆನ್ನುವುದು? ಯೋಚಿಸಿ 'ರಿಂಗ್ಸ್' ಅಂತ ಬರೆದು ಮುಂದೆ '22' ಅಂತ ಹಾಕಿದೆ. ಹತ್ತು ನಿಮಿಷದಲ್ಲಿ ಬ್ಯಾಟರಿ ಗಾಡಿಯಲ್ಲಿ ಕೋಟು ಹಾಕಿದ ಮ್ಯಾನೇಜರು, ಹಿಂದೆ ಇಬ್ಬರು ಸೆಕ್ಯುರಿಟಿಯವರು. ಮ್ಯಾನೇಜರ ಮುಖ ಬಿಳಿಚಿಕೊಂಡಿತ್ತು. "ಇಪ್ಪತ್ತೆರಡು ಕ್ಯಾರೆಟ್ಟೇ ಸಾರ್? ವಜ್ರ ಇತ್ತೇ?" ಅಂದರು. ಅಕ್ಕಿಹಿಟ್ಟಿನದು ಅಂತ ಅರ್ಥ ಮಾಡಿಸುವ ಹೊತ್ತಿಗೆ ಸೆಕ್ಯುರಿಟಿಯವನೊಬ್ಬ ಮರ ಹತ್ತಿ ಆಗಿತ್ತು. ಅವನಿಗೆ ಮುಚ್ಚಳ ಸಿಕ್ಕಿತು, ಅದೇ ಲಾಭ.

ಸುತ್ತಾಟದ ವಿಷಯ ಹೇಳಬೇಕು. ಗಂಟೆಗೆ ಸಾವಿರ ಕೊಟ್ಟ ಕೋಣೆಯನ್ನು ಬಿಟ್ಟು ಹೊರಗೆ ತಿರುಗಲು ಮತ್ತೆ ಟ್ಯಾಕ್ಸಿಗೆ ಕೊಡುವುದು ಎರಡು ಸಲ ಖರ್ಚು ಬರೆದ ಹಾಗೆ, ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ಸುಮ್ಮನೆ ಕೂರಲೂ ಒಪ್ಪದಲ್ಲ! ಟ್ಯಾಕ್ಸಿಯವರು ನನ್ನ ವಯಸ್ಸಿನವರೇ. ಹಿರಿಯರನ್ನು ಅಲ್ಲಿ 'ಪಾಕ್‌ಚಿಕ್' ಅಂತ ಕರೆಯಬೇಕು. ಪಾಕ್ ಅಂದರೆ ಅಪ್ಪ, ಚಿಕ್ ಅಂದರೆ ಸಣ್ಣವನು. ಚಿಕ್ಕಪ್ಪನೇ ಹಿಂದುಮುಂದಾಗಿ ಸ್ಟಿಯರಿಂಗ್ ಹಿಡಿದು ಕೂತಂತೆ. ಇದು ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ, ಬರೀ ಕಾಕತಾಳೀಯ ಅಂತ ಗೊತ್ತಿದ್ದೂ ನಾನು ಅವರನ್ನು ಚಿಕ್ಕಪ್ಪ ಅಂತಲೇ ಕರೆದೆ.

ಚಿಕ್ಕಪ್ಪ ಮೊದಲು ಕರೆದೊಯ್ದದ್ದು ಮಾಚಿಂಚಾಂಗ್ ಬೆಟ್ಟದ ಕೇಬಲ್ ಕಾರಿಗೆ. ಮೇಲಿನ ನಿಲ್ದಾಣ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರ. ಕಂಬಿ ಒಂದು ಕಡೆ ಗೋಡೆ ಹತ್ತಿದ ಹಾಗೆ ಮೇಲೇರುತ್ತದೆ. ನಾನು ಕಣ್ಣು ಮುಚ್ಚಿ ಸಹಸ್ರನಾಮಕ್ಕೆ ಕೈ ಹಾಕಿದೆ, ಐವತ್ತರ ಹತ್ತಿರ ಬರುವಾಗ ಮೇಲೆ ತಲುಪಿತ್ತು. ಅಲ್ಲಿ ಕಣಿವೆಯ ಮೇಲೆ ಬಿಲ್ಲಿನಂತೆ ಬಾಗಿದ ತೂಗುಸೇತುವೆ, 125 ಮೀಟರ್ ಉದ್ದ. ಅಷ್ಟನ್ನೂ ಎತ್ತಿ ಹಿಡಿದಿರುವುದು ಓರೆಯಾಗಿ ನಿಂತ ಒಂದೇ ಒಂದು ಕಂಬ. "ಒಂದೇ ಕಂಬ ಕಣೇ" ಅಂದೆ. "ಬೇಲೂರಿನ ದೀಪಸ್ತಂಭ ಬುಡವೇ ಇಲ್ಲದೆ ನಿಂತಿದೆ, ಇದಕ್ಕೇನಾಗುತ್ತೆ, ಬನ್ನಿ" ಅಂತ ಕೈ ಹಿಡಿದು ಎಳೆದುಕೊಂಡು ಹೋದಳು. ನಟ್ಟನಡುವೆ ನಿಂತಿದ್ದಾಗ ಅಳಿಯನ ವಾಟ್ಸಾಪ್ ಬಂತು: 'ಸೇತುವೆ 2012ರಲ್ಲಿ ದುರಸ್ತಿಗೆ ಮುಚ್ಚಿದ್ದರು ಮಾವ, 2015ರಲ್ಲಿ ತೆರೆದರು. ಎಂಜಾಯ್.' ಕನ್ಯಾದಾನ ಮಾಡುವ ಮೊದಲು ಹುಡುಗನ ಸಮಯಪ್ರಜ್ಞೆಯನ್ನೂ ವಿಚಾರಿಸಬೇಕು.

ಆದರೂ ಅಲ್ಲಿಂದ ಕಾಣುವುದನ್ನು ಒಪ್ಪಲೇಬೇಕು. ಕೆಳಗೆ ಕಾಡು, ಕಾಡಿನ ಅಂಚಿಗೆ ಸಮುದ್ರ, ಸಮುದ್ರದಲ್ಲಿ ಯಾರೋ ಅವಲಕ್ಕಿ ಉಂಡೆ ಚೆಲ್ಲಿದ ಹಾಗೆ ದ್ವೀಪಗಳು, ದೂರದವು ಥಾಯ್ಲೆಂಡಿನವು. ಪಕ್ಕದಲ್ಲಿ ಒಬ್ಬ ಮಾರ್ಗದರ್ಶಿ ತನ್ನ ಗುಂಪಿಗೆ ಹೇಳುತ್ತಿದ್ದ: ಈ ಮರಳುಗಲ್ಲು ಮಲೇಷ್ಯಾದಲ್ಲೇ ಅತಿ ಹಳೆಯದು, 55 ಕೋಟಿ ವರ್ಷದ್ದು, ಇದಕ್ಕಾಗಿಯೇ ಲಂಕಾವಿ 2007ರಲ್ಲಿ ಯುನೆಸ್ಕೊದ ಜಾಗತಿಕ ಜಿಯೋಪಾರ್ಕ್ ಪಟ್ಟಿ ಸೇರಿತು. ಗುಂಪಿನವರು ಬಾಯಿ ತೆರೆದರು. ನನಗೆ ತಡೆಯಲಾಗಲಿಲ್ಲ. ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಅದರ ಮೇಲೆ ಕೂತು ನಾವು ಕಡಲೆಕಾಯಿ ಸಿಪ್ಪೆ ಹಾಕಿ ಬರುತ್ತೇವೆ ಅಂದೆ. ಮಾರ್ಗದರ್ಶಿ ನಯವಾಗಿ ನಕ್ಕು ತನ್ನ ಗುಂಪನ್ನು ಬೇರೆ ಕಡೆ ಕರೆದೊಯ್ದ.

ಇಳಿದ ಮೇಲೆ ಏಳು ಕೊಳಗಳ ಜಲಪಾತ, ತೆಲಗಾ ತುಜು. ಅಪ್ಸರೆಯರು ಸ್ನಾನಕ್ಕೆ ಬರುತ್ತಿದ್ದರಂತೆ. ಆರುನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತಿದೆವು. ಅಪ್ಸರೆಯರಿರಲಿಲ್ಲ, ಮಂಡಿ ನೋವಿತ್ತು. ಚಿಕ್ಕಪ್ಪ ಅಂಗಡಿಯೊಂದರಲ್ಲಿ ಗಾಡಿ ನಿಲ್ಲಿಸಿ ಊರಿನ ನಾಟಿ ಔಷಧಿ ಕೊಡಿಸಿದರು, ಗಮಟ್ ಎಣ್ಣೆ. ಯಾವುದರದ್ದು ಅಂದರೆ ಅಂಗಡಿಯವಳು ಇಂಗ್ಲಿಷಿನಲ್ಲಿ ಸಮುದ್ರ ಸೌತೆಕಾಯಿ ಅಂದಳು. ಸೌತೆಕಾಯಿ ತಂಪು, ಒಳ್ಳೆಯದೇ ಅಂತ ರಾತ್ರಿ ಎರಡೂ ಮಂಡಿಗೆ ತಿಕ್ಕಿಕೊಂಡೆ. ಹಿತವಾಯಿತು. ಮಗಳಿಗೆ ಫೋನಿನಲ್ಲಿ ಹೇಳಿದೆ. ಆಚೆ ಕಡೆ ಮೌನ. ಆಮೇಲೆ, "ಅಪ್ಪಾ, ಅದು ತರಕಾರಿ ಅಲ್ಲ. ಸಮುದ್ರದ ತಳದಲ್ಲಿ ತೆವಳೋ ಪ್ರಾಣಿ." ಇವಳು ಅಂದು ನನ್ನನ್ನು ಗಣಪತಿಯ ಮೇಜಿನ ಹತ್ತಿರ ಬಿಡಲಿಲ್ಲ. ಮರುದಿನ ಮಂಡಿ ನೋವಿರಲಿಲ್ಲ ಅನ್ನುವುದನ್ನು ಯಾರಿಗೂ ಹೇಳಬೇಡಿ.

ಕಿಲಿಮ್ ನದಿಯ ಕಾಂಡ್ಲಾ ಕಾಡಿನಲ್ಲಿ ದೋಣಿಯಲ್ಲಿ ಹೋದದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ಕೆಳಗೆ ಕೆಸರಿನಲ್ಲಿ ಬೇರುಗಳು ಬೆರಳೂರಿ ನಿಂತಿವೆ. ದೋಣಿಯವನು ಎಂಜಿನ್ ನಿಲ್ಲಿಸಿ ಮೇಲೆ ತೋರಿಸಿದ. ಕಾವಿ ಬಣ್ಣದ ಮೈ, ಬಿಳಿ ತಲೆ, ಬಿಳಿ ಎದೆ. ಗರುಡ! ಒಂದಲ್ಲ ಎರಡಲ್ಲ, ಇಪ್ಪತ್ತು ಮೂವತ್ತು, ನೀರಿಗೆ ಎರಗಿ ಎರಗಿ ಏಳುತ್ತಿವೆ. ನಮ್ಮಲ್ಲಿ ಒಂದು ಕಂಡರೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತೇವೆ. ಇವಳು ಹನ್ನೆರಡರವರೆಗೆ ಬಡಿದುಕೊಂಡು, ಉಳಿದದ್ದಕ್ಕೆ ಒಟ್ಟಾಗಿ ಒಂದು ನಮಸ್ಕಾರ ಹಾಕಿದಳು. ಪ್ರವಾಸಿಗರ ಮುಂದೆ ಇವು ಬರಲೆಂದು ಕೋಳಿಯ ಚರ್ಮ ಎಸೆಯುವ ರೂಢಿ ಇತ್ತಂತೆ; ಹಕ್ಕಿಗಳಿಗೆ ಅದು ಕೇಡು. ನಮ್ಮ ದೋಣಿಯವನು ಎಸೆಯಲಿಲ್ಲ. ಹೆಸರಿನ ಗುಟ್ಟು ಹೇಳಿದವನೂ ಅವನೇ. ಹದ್ದಿಗೆ ಹೆಲಾಂಗ್, ಕೆಂಗಂದು ಬಣ್ಣಕ್ಕೆ ಕಾವಿ. ಎರಡೂ ಸೇರಿ ಲಂಕಾವಿ ಅನ್ನುತ್ತಾರೆ. ನಾನು ದೋಣಿಯಲ್ಲಿ ಎದ್ದು ನಿಂತುಬಿಟ್ಟೆ. ಕಾವಿ ಅಂದರೆ ನಮ್ಮ ಕಾವಿಯೇ! ಅಜ್ಜ ಹೇಳಿದ ಕಡೆಗೇ ಬಂದು ಮುಟ್ಟಿದ್ದೆ. "ಕೂತ್ಕೊಳ್ಳಿ, ದೋಣಿ ಮಗುಚುತ್ತೆ" ಅಂದಳು ಇವಳು.

ಇನ್ನೂ ಏನೇನೋ ನೋಡಿದೆವು. ದಾಯಾಂಗ್ ಬುಂಟಿಂಗ್ ಅಂತ ಒಂದು ದ್ವೀಪ, ಬಸುರಿ ಹೆಂಗಸು ಮಲಗಿದ ಹಾಗೆ ಬೆಟ್ಟದ ಸಾಲು, ನಡುವೆ ಸಿಹಿನೀರಿನ ಕೆರೆ. ಆ ನೀರು ಕುಡಿದರೆ ಮಕ್ಕಳಾಗುತ್ತವೆ ಅನ್ನುವ ನಂಬಿಕೆ. ಇವಳು ನನ್ನ ಕೈಯಿಂದ ನೀರಿನ ಬಾಟಲಿ ಕಸಿದು, ಇದು ರೆಸಾರ್ಟಿನದ್ದೇ ತಾನೆ ಅಂತ ಖಾತ್ರಿ ಮಾಡಿಕೊಂಡಳು. ಬೆರಾಸ್ ಬಾಸಾ ಅಂದರೆ ಒದ್ದೆ ಅಕ್ಕಿ, ಅದೊಂದು ದ್ವೀಪ. ಬೆರಾಸ್ ತೆರ್ಬಾಕಾರ್ ಅಂದರೆ ಸುಟ್ಟ ಅಕ್ಕಿ, ಅದೊಂದು ಊರು. ಈ ಎರಡರ ನಡುವೆ ಎಲ್ಲಾದರೂ ಹದವಾಗಿ ಬೆಂದ ಬಿಸಿಬೇಳೆಭಾತು ಸಿಗಬೇಕಿತ್ತು.

ಸುಟ್ಟ ಅಕ್ಕಿಯ ಕಥೆ ಮಾತ್ರ ತಮಾಷೆಯದಲ್ಲ. ಮಹಸೂರಿ ಅನ್ನುವ ಚೆಲುವೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಊರ ಮುಖಂಡನ ಹೆಂಡತಿ ಹೊಟ್ಟೆಕಿಚ್ಚಿನಿಂದ ಅವಳ ಮೇಲೆ ಹಾದರದ ಅಪವಾದ ಹೊರಿಸಿದಳು. ಕಂಬಕ್ಕೆ ಕಟ್ಟಿ ಕ್ರಿಸ್ ಕತ್ತಿಯಿಂದ ಇರಿದರೆ ಬಿಳಿಯ ರಕ್ತ ಹರಿಯಿತಂತೆ. ಏಳು ತಲೆಮಾರು ಈ ದ್ವೀಪ ಏಳಿಗೆ ಕಾಣದಿರಲಿ ಅಂತ ಶಪಿಸಿ ಸತ್ತಳು. ಅದಾದ ಸ್ವಲ್ಪದರಲ್ಲೇ, 1821ರಲ್ಲಿ, ಸಯಾಮಿನವರು ದಂಡೆತ್ತಿ ಬಂದರು. ಶತ್ರುವಿಗೆ ದಕ್ಕಬಾರದೆಂದು ಊರವರೇ ಅಕ್ಕಿಯ ಕಣಜಕ್ಕೆ ಬೆಂಕಿ ಹಚ್ಚಿದರು. ಅವಳ ಸಮಾಧಿಯ ಹತ್ತಿರ ಇವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಕ್ಕದ ಮನೆಯವರು ಹೇಳಿದ್ದು ತಪ್ಪೇನಲ್ಲ. ಇದೂ ಲಂಕೆಯೇ" ಅಂದಳು.

ಶಾಪದ ಏಳು ತಲೆಮಾರು ಯಾವಾಗ ತೀರಿತೋ, 1987ರಲ್ಲಿ ಪ್ರಧಾನಿ ಮಹಾತೀರ್ ಕಾಲದಲ್ಲಿ ದ್ವೀಪವನ್ನು ಸುಂಕಮುಕ್ತ ಮಾಡಿದರು. ಎಲ್ಲರೂ ಚಾಕೊಲೇಟು, ಹೆಂಡ ಕೊಳ್ಳುತ್ತಾರೆ. ಮಲೇಷ್ಯಾದ ಗೃಹಿಣಿಯರು ಮಾತ್ರ ಇಲ್ಲಿಗೆ ಬರುವುದು ಪಾತ್ರೆ, ಗಾಜಿನ ತಟ್ಟೆಗಳಿಗೆ. ತಟ್ಟೆಗೆ ಅವರು 'ಪಿಂಗನ್' ಅನ್ನುತ್ತಾರೆ. ನಮ್ಮ ಪಿಂಗಾಣಿಯ ನೆಂಟನೇ ಇರಬೇಕು ಅಂತ ಖುಷಿಯಲ್ಲಿ, ಸುಂಕವಿಲ್ಲ ಅನ್ನುವ ಒಂದೇ ಕಾರಣಕ್ಕೆ, ಆರು ಪಿಂಗನ್ ಮತ್ತು ಮುಚ್ಚಳವಿರುವ ಒಂದು ದೊಡ್ಡ ಗಾಜಿನ ಪಾತ್ರೆ ಕೊಂಡೆ. ನಾನೇ, ಇವಳಲ್ಲ. ವಿಮಾನದಲ್ಲಿ ಅದರ ಭಾರಕ್ಕೆ ಕಟ್ಟಿದ ದುಡ್ಡು ಪಾತ್ರೆಯ ಬೆಲೆಗಿಂತ ಹೆಚ್ಚಾಯಿತು. ಆ ವೋಚರು ಕಾಣೆಯಾಗಿದೆ.

ಕೊನೆಯ ಸಂಜೆ ರೆಸಾರ್ಟಿನ ಪ್ರಕೃತಿ ಮಾರ್ಗದರ್ಶಿ ಅತಿಥಿಗಳನ್ನು ಕಾಡಿಗೆ ಕರೆದೊಯ್ದ. ಉಚಿತ ಅಂದದ್ದಕ್ಕೆ ಎಲ್ಲರಿಗಿಂತ ಮೊದಲು ನಿಂತಿದ್ದೆ. ಕತ್ತಲಾಗುವ ಹೊತ್ತು. ಅವನು ಕೆಂಪು ಬೆಳಕನ್ನು ಒಂದು ಮರದ ಕಾಂಡಕ್ಕೆ ಬಿಟ್ಟ. ತೊಗಟೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ತೊಗಟೆಗೆ ಎರಡು ದೊಡ್ಡ ಕಣ್ಣು ಬಂತು. ಕೊಲುಗೊ. ಕತ್ತಿನಿಂದ ಬಾಲದ ತುದಿಯವರೆಗೆ ಕಂಬಳಿ ಹೊದ್ದ ಹಾಗೆ ಚರ್ಮ. ಹಗಲೆಲ್ಲ ಮರಕ್ಕೆ ಅಂಟಿಕೊಂಡು ಏನೂ ಮಾಡದೆ ಇರುತ್ತದಂತೆ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಸಡನ್ನಾಗಿ ಕಂಬಳಿ ನಾಲ್ಕೂ ಕಡೆ ಬಿಚ್ಚಿಕೊಂಡಿತು, ಸದ್ದಿಲ್ಲದೆ ನಮ್ಮ ತಲೆಯ ಮೇಲಿಂದ ತೇಲಿ, ಆಚೆಯ ಕತ್ತಲಿನಲ್ಲಿ ಇನ್ನೊಂದು ಮರಕ್ಕೆ ಹೋಗಿ ಹತ್ತಿಕೊಂಡಿತು. ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ ಗೊತ್ತಿಲ್ಲ. ಲೆಕ್ಕ ಬರೆದಿಲ್ಲ.

ರಾತ್ರಿ ಬಾಲ್ಕನಿಯಲ್ಲಿ ಕೂತೆವು, ಮೇಲಿನ ಚಿಲಕ ಹಾಕಿಯೇ. ಸಮುದ್ರದ ಸದ್ದು. ಉಳಿದದ್ದು ಹದಿನಾಲ್ಕು ಗಂಟೆ, ಹದಿನಾಲ್ಕು ಸಾವಿರ ಅಂದೆ. ಇವಳು ಉತ್ತರಿಸಲಿಲ್ಲ. ಡಿಕಾಕ್ಷನ್ನಿನ ಕೊನೆಯ ಗುಟುಕು ಇಬ್ಬರಿಗೂ ಹಂಚಿದಳು.

"ಅಲ್ಲಾರೀ, ಮುಂದಿನ ವರ್ಷ ನನಗೂ ಅರವತ್ತಾಗುತ್ತೆ. ಮಕ್ಕಳಿಗೆ ಯಾಕೆ ಸುಮ್ಮನೆ ಖರ್ಚು? ನಿಮ್ಮ ದುಡ್ಡಲ್ಲೇ ಇನ್ನೊಂದು ಸಲ ಬರೋಣ."

ಸೂರಿನ ಸಂದಿಯಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಬೇಡ, ಬೇಡ ಅಂತ ನಾನು ಮೇಲೆ ನೋಡುವಷ್ಟರಲ್ಲಿ,

"ಟೊಕ್ಕೇ!"

ಇವಳು ಮೇಜನ್ನು ಟಕಟಕ ಬಡಿದು, ಸಾವಕಾಶವಾಗಿ, "ಕೃಷ್ಣ ಕೃಷ್ಣ" ಅಂದಳು. ಅವನು ನಿಲ್ಲಿಸಲಿಲ್ಲ. ನಾನು ಎಣಿಸಿದೆ. ಒಟ್ಟು ಏಳು ಸಲ.